ಮಂಚದಿಂದ ಇಳಿದ ಪರದೆ

ಛಾಯಾಗ್ರಾಹಕ ಸೈದು ಕೈತಾ 1948ರಲ್ಲಿ ಮಾಲಿ ದೇಶದ ಬಮಾಕೊದಲ್ಲಿ ಸ್ಟುಡಿಯೋ ತೆರೆದಾಗ ಅಂಗಳದಲ್ಲಿ ಪರದೆಯಾಗಿ ಕಟ್ಟಿದ್ದು ತಮ್ಮದೇ ಮಂಚದ ಹೊದಿಕೆಯನ್ನು. ಪರದೆಯ ಸುಕ್ಕು ದೋಷವೆಂಬುದು ಈ ಕಸುಬಿನವರ ಎಣಿಕೆ. ಅದು ಮಸುಕಾಗಲೆಂದು ಜನರನ್ನು ಬಟ್ಟೆಯಿಂದ ದೂರ ನಿಲ್ಲಿಸುತ್ತಾರೆ. ಕೈತಾ ಹತ್ತಿರವೇ ಕೂರಿಸಿದರು. ಹಾಗಾಗಿ ಬಟ್ಟೆಯ ಮಡಿಕೆ, ಅಂಚಿನ ಕುಚ್ಚು, ನೆಲದ ಮಣ್ಣು ಎಲ್ಲವೂ ಚಿತ್ರದಲ್ಲಿ ಉಳಿದವು. ಅವುಗಳ ನಡುವೆ ಹಬ್ಬದ ಉಡುಪು ತೊಟ್ಟ ಹೆಂಗಸರು ತಲೆಯೆತ್ತಿ ಕುಳಿತಿದ್ದಾರೆ. ಸುಕ್ಕು ಅವರ ಘನತೆಯನ್ನು ಕುಗ್ಗಿಸಿಲ್ಲ, ಅವರನ್ನು ನಂಬುವಂತೆ ಮಾಡಿದೆ.

ಎರಡು ಮೂರು ವರ್ಷಕ್ಕೊಮ್ಮೆ ಪರದೆ ಬದಲಾಗುತ್ತಿತ್ತು. ಮುಂದೆ ಯಾವ ಚಿತ್ರ ಯಾವ ಕಾಲದ್ದೆಂದು ಗುರುತಿಸಲು ಕೈತಾಗೆ ನೆರವಾದದ್ದು ಆ ಬಟ್ಟೆಗಳೇ.

ಇಂದು ಕಂಪ್ಯೂಟರ್ ಪರದೆಯ ಸುಕ್ಕಿನೊಂದಿಗೆ ಮುಖದ ಸುಕ್ಕನ್ನೂ ಅಳಿಸಿಬಿಡುತ್ತದೆ. ಇದು ಎಲ್ಲಿಯದು, ಯಾವಾಗಿನದು ಎಂದು ನಾಳೆ ಮೊಮ್ಮಕ್ಕಳು ಕೇಳಿದರೆ ಅಂಥ ಚಿತ್ರ ಏನು ಹೇಳೀತು?