ಓದಿನಿಂದ ಸಜ್ದಾದವರೆಗೆ

ಇಸ್ಲಾಮಿನಲ್ಲಿ ಧರ್ಮವೆಂದರೆ ವಿಧೇಯತೆ ಎಂದು ಎಲ್ಲರೂ ಹೇಳುತ್ತಾರೆ. ಆ ವಿಧೇಯತೆಯ ರುಚಿ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಗ್ರಂಥ ಬಿಚ್ಚುವುದಿಲ್ಲ. ಕುರ್‌ಆನಿನ 96ನೆಯ ಅಧ್ಯಾಯ ‘ಅಲ್ ಅಲಕ್’ ಅನ್ನು ಒಳ್ಳೆಯ ಖಾರಿಯೊಬ್ಬರ (ಕುರ್‌ಆನ್ ಪಠಣಕಾರರ) ಕಂಠದಲ್ಲಿ ಕೇಳಿಸುತ್ತೇನೆ.

ಇರುವುದು 19 ಸೂಕ್ತ. ಅದರಲ್ಲಿ ಮೊದಲ ಐದು, ಸುಮಾರು ಕ್ರಿ.ಶ. 610ರಲ್ಲಿ ಮಕ್ಕಾ ಬಳಿಯ ಹಿರಾ ಗುಹೆಯಲ್ಲಿ ಪ್ರವಾದಿ ಮುಹಮ್ಮದರಿಗೆ ಬಂದ ಮೊಟ್ಟಮೊದಲ ವಾಣಿ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಓದು ಬಾರದವರಿಗೆ ಓದೆಂಬ ಅಪ್ಪಣೆ! ಸಾಲುಗಳು ಪುಟ್ಟವು, ಪ್ರಾಸ ಬಿಗಿ. ಮೊದಲೆರಡು ಸೂಕ್ತ ‘ಖಾಫ್’ ಅಕ್ಷರದಲ್ಲಿ ನಿಲ್ಲುತ್ತವೆ. ನಾಲಿಗೆಯ ಬುಡದಲ್ಲಿ ಹುಟ್ಟುವ ಈ ವ್ಯಂಜನವನ್ನು ಕೊನೆಯಲ್ಲಿ ನುಂಗಿಬಿಡುವಂತಿಲ್ಲ, ತುಸು ಪುಟಿಸಬೇಕು ಎನ್ನುತ್ತದೆ ಪಠಣದ ಉಚ್ಚಾರಣೆಯನ್ನು ಹೇಳುವ ತಜ್‌ವೀದ್ ಶಾಸ್ತ್ರ. ಮುಂದಿನ ಮೂರು ಸೂಕ್ತ ‘ಮ’ಕಾರದಲ್ಲಿ ತುಟಿ ಮುಚ್ಚಿ ಮೆತ್ತಗಾಗುತ್ತವೆ. ನೆತ್ತರ ಹೆಪ್ಪಿನಿಂದಾದ ಮನುಷ್ಯ ಅಷ್ಟರೊಳಗೆ ಲೇಖನಿಯಿಂದ ಕಲಿಯುವವನಾಗಿರುತ್ತಾನೆ.

ಆರನೆಯದರಲ್ಲಿ ದನಿ ತಿರುಗುತ್ತದೆ. ‘ಕಲ್ಲಾ’ ಎಂಬ ಗಟ್ಟಿ ನಿರಾಕರಣೆ. ತನಗೆ ಯಾರ ಹಂಗೂ ಇಲ್ಲವೆಂದು ಕಂಡ ಕೂಡಲೇ ಮನುಷ್ಯ ಎಲ್ಲೆ ಮೀರುತ್ತಾನೆ ಎಂಬುದು ಅಲ್ಲಿನ ದೂರು. ಈ ‘ಕಲ್ಲಾ’ ಮೂರು ಸಲ ಬರುತ್ತದೆ. ಮೊದಲನೆಯದರ ಬೆನ್ನಿಗೆ ಹಮ್ಝಾ ಎಂಬ ಅಕ್ಷರ ಇರುವುದರಿಂದ, ಹಫ್ಸ್ ಎಂಬ ಪಠಣ ಸಂಪ್ರದಾಯದ ಪ್ರಚಲಿತ ರೀತಿಯಲ್ಲಿ ಅದರ ‘ಆ’ವನ್ನು ನಾಲ್ಕೈದು ಮಾತ್ರೆ ಎಳೆಯುತ್ತಾರೆ. ಉಳಿದೆರಡಕ್ಕೆ ಎರಡೇ ಮಾತ್ರೆ. ಬರೀ ಉಚ್ಚಾರಣೆಯ ನಿಯಮ, ನಿಜ. ನನ್ನ ಕಿವಿಗೆ ಮಾತ್ರ ಮೊದಲನೆಯದರಲ್ಲಿ ಇನ್ನೂ ವ್ಯಥೆ ಕೇಳುತ್ತದೆ, ಕೊನೆಯದರಲ್ಲಿ ವಾದ ಮುಗಿದುಹೋಗಿದೆ. ಖಾರಿ ತನ್ನ ಭಾವಾವೇಶಕ್ಕೆ ಇದನ್ನು ಹಿಗ್ಗಿಸುವಂತಿಲ್ಲ, ಕುಗ್ಗಿಸುವಂತಿಲ್ಲ. ಮಾತ್ರೆ ಶಾಸ್ತ್ರದ್ದು; ರಾಗ ಅವನದು.

ನಡುವೆ ಒಬ್ಬ ಬರುತ್ತಾನೆ, ನಮಾಜಿಗೆ ನಿಂತ ದಾಸನನ್ನು ತಡೆಯುವವನು. ಮಕ್ಕಾದ ಮುಖಂಡ ಅಬೂ ಜಹಲ್ ಎಂದು ವ್ಯಾಖ್ಯಾನಕಾರರು ಗುರುತಿಸುತ್ತಾರೆ. ಸೂರಾ (ಅಧ್ಯಾಯ) ಅವನ ಹೆಸರೆತ್ತುವುದಿಲ್ಲ, ಕಂಡೆಯಾ ಎಂದು ಮೂರು ಬಾರಿ ಕೇಳಿ ಕೇಳುಗನನ್ನೇ ಸಾಕ್ಷಿಗೆ ನಿಲ್ಲಿಸುತ್ತದೆ. ತಡೆಯುವುದನ್ನು ಬಿಡದಿದ್ದರೆ ಅವನನ್ನು ಮುಂದಲೆ ಹಿಡಿದು ಎಳೆಯಲಾಗುವುದೆಂಬ ಎಚ್ಚರಿಕೆ ಬರುತ್ತದೆ, ಸುಳ್ಳಾಡಿ ತಪ್ಪು ಮಾಡಿದ ಮುಂದಲೆ ಅದು. ಆಮೇಲೆ 19ನೆಯದು: ಅವನಿಗೆ ವಿಧೇಯನಾಗಬೇಡವೆಂಬ ಆಜ್ಞೆ, ಅದರ ಬೆನ್ನಿಗೇ ಸಜ್ದಾ ಮಾಡಿ, ಅಂದರೆ ಹಣೆಯನ್ನು ನೆಲಕ್ಕಿಟ್ಟು, ದೇವರಿಗೆ ಹತ್ತಿರವಾಗೆಂಬ ಆಜ್ಞೆ. ವಿಧೇಯತೆಯ ಕ್ರಿಯಾಪದ ಇಡೀ ಅಧ್ಯಾಯದಲ್ಲಿ ಬರುವುದು ಒಮ್ಮೆಯೇ, ಅದೂ ನಿಷೇಧರೂಪದಲ್ಲಿ! ಒಬ್ಬನಿಗೆ ಬಾಗಿದವನು ಊರ ಗೌಡನಿಗೆ ಬಾಗಬೇಕಿಲ್ಲ. ಎಳೆಸಿಕೊಳ್ಳುವ ಮುಂದಲೆಗೂ ತಾನಾಗಿ ನೆಲ ಮುಟ್ಟುವ ಹಣೆಗೂ ಮೂರೇ ಸೂಕ್ತದ ಅಂತರ. ಎಷ್ಟು ಸಲ ಕೇಳಿದರೂ ನಾನು ಬೆರಗಾಗುವುದು ಇಲ್ಲೇ.

ಕೊನೆಯ ಪದದ ಕುಶಲತೆ ಇನ್ನೊಂದು. 15ರಿಂದ 18ರವರೆಗೆ ಒಂದೇ ಪ್ರಾಸ ಬಡಿಯುತ್ತ ಬಂದು, 19ರಲ್ಲಿ ಥಟ್ಟನೆ ತುಂಡಾಗಿ ‘ಬ’ಕಾರದಲ್ಲಿ ನಿಲ್ಲುತ್ತದೆ. ಖಾಫ್‌ನಂತೆ ಇದೂ ಪುಟಿಸಬೇಕಾದ ಐದು ಅಕ್ಷರಗಳಲ್ಲೊಂದು. ಆ ಪುಟಿತ ಮುಗಿಯುವುದರೊಳಗೆ ಓದಿದವರೂ ಕೇಳಿದವರೂ ಸಜ್ದಾಕ್ಕೆ ಇಳಿಯುತ್ತಾರೆ. ಹನಫಿ ಪಂಥದವರಿಗೆ ಅದು ಕಡ್ಡಾಯ, ನಮ್ಮ ಕರಾವಳಿಯ ಬ್ಯಾರಿಗಳು ಅನುಸರಿಸುವ ಶಾಫಿ ಪಂಥದಲ್ಲಿ ಸುನ್ನತ್, ಅಂದರೆ ಮಾಡಿದರೆ ಒಳಿತು, ಕಡ್ಡಾಯವಲ್ಲ. ಮಾಲಿಕಿ ಪಂಥದವರು ಸಜ್ದಾ ಮಾಡುವ ಜಾಗಗಳ ಪ್ರಚಲಿತ ಪಟ್ಟಿಯಲ್ಲಿ ಇದು ಇಲ್ಲವೇ ಇಲ್ಲ.

ಈಜಿಪ್ಟಿನ ಅಬ್ದುಲ್ ಬಾಸಿತ್ (1927–1988) ಅವರ ಉದ್ದುಸಿರಿನ ಗಾಯನಕ್ಕೆ ಮನಸೋಲದವರು ಕಡಿಮೆ. ಈ ಸೂರಾಕ್ಕೆ ಮಾತ್ರ ನನ್ನ ಆಯ್ಕೆ ಮಹಮೂದ್ ಖಲೀಲ್ ಅಲ್ ಹುಸರಿ. 1960ರ ದಶಕದ ಆರಂಭದಲ್ಲಿ ಅವರು ಪೂರ್ಣ ಕುರ್‌ಆನನ್ನು ಸರಳ ಮುರತ್ತಲ್ ಶೈಲಿಯಲ್ಲಿ ಧ್ವನಿಮುದ್ರಿಸಿದರು. ಅಲಂಕಾರವಿಲ್ಲದ ಆ ಓದಿನಲ್ಲಿ ಮಾತ್ರೆಗಳು ಒಂದೊಂದಾಗಿ ಎಣಿಸಲು ಸಿಗುತ್ತವೆ. ಧ್ವನಿಮುದ್ರಿಕೆಯಿಂದ ಕೇಳಿದರೂ ಸಜ್ದಾ ಕಡ್ಡಾಯವೇ ಎಂದು ಮುಫ್ತಿಗಳನ್ನು ಕೇಳಿದವರಿದ್ದಾರೆ. ಇಲ್ಲ ಎಂದವರೇ ಹನಫಿಗಳಲ್ಲಿ ಬಹಳ.