ಯಾವ ಹೆಸರಿನಿಂದ ಕರೆದರೂ: ಇ-ಸಿಗರೇಟಿನ ನಿಷೇಧವೂ ಅದರ ಭಾಷೆಯೂ

ಶಾಸನವು ವಸ್ತುವನ್ನು ಅದರ ಲಕ್ಷಣದಿಂದ ಗುರುತಿಸುತ್ತದೆ. ಜನತೆ ಅದನ್ನು ಹೆಸರಿನಿಂದ ಗುರುತಿಸುತ್ತದೆ. ಇವೆರಡರ ನಡುವೆ ಅಂತರವುಂಟಾದಾಗ ಶಾಸನದ ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ ಅದು ಜನಮನವನ್ನು ಮುಟ್ಟುವ ಹೊತ್ತಿಗೆ ಬೇರೊಂದು ರೂಪವನ್ನು ತಾಳಿರುತ್ತದೆ. ಭಾರತದ ಇ-ಸಿಗರೇಟು ನಿಷೇಧ ಇದಕ್ಕೆ ತಕ್ಕ ನಿದರ್ಶನ. 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆಯಾಗಿ ಹೊರಬಂದ ಈ ನಿಷೇಧವು ಅದೇ ವರ್ಷದ ಡಿಸೆಂಬರ್ 5ರಂದು ರಾಷ್ಟ್ರಪತಿಗಳ ಅಂಕಿತ ಪಡೆದು ಕಾಯಿದೆಯಾಯಿತು. ಕರ್ನಾಟಕ ಸರಕಾರವಾದರೋ 2016ರಲ್ಲಿಯೇ ಇಂಥ ನಿಷೇಧವನ್ನು ಹೊರಡಿಸಿತ್ತು. ಈ ನಿಷೇಧದ ಸಾಧಕಬಾಧಕಗಳನ್ನು ವೈದ್ಯರೂ ನ್ಯಾಯವಾದಿಗಳೂ ಸಾಕಷ್ಟು ಚರ್ಚಿಸಿದ್ದಾರೆ. ಅದರ ಭಾಷೆಯನ್ನು ಕುರಿತ ವಿಚಾರ ಮಾತ್ರ ಅಷ್ಟಾಗಿ ನಡೆದಿಲ್ಲ.

ಕಾಯಿದೆಯ ವ್ಯಾಖ್ಯಾನವನ್ನೇ ಮೊದಲು ನೋಡಬಹುದು. ಒಂದು ಪದಾರ್ಥವನ್ನು ಕಾಯಿಸಿ, ಉಸಿರಿನೊಡನೆ ಒಳಗೆಳೆದುಕೊಳ್ಳಲು ಏರೋಸಾಲನ್ನು ಉಂಟುಮಾಡುವ ವಿದ್ಯುನ್ಮಾನ ಸಾಧನವೇ ಇ-ಸಿಗರೇಟು. ಆ ಪದಾರ್ಥದಲ್ಲಿ ನಿಕೋಟಿನ್ ಇರಲಿ ಇಲ್ಲದಿರಲಿ, ಸಾಧನದ ಆಕಾರ, ಗಾತ್ರಗಳು ಹೇಗೇ ಇರಲಿ, ಅದನ್ನು ಯಾವ ಹೆಸರಿನಿಂದ ಕರೆಯಲಿ, ನಿಷೇಧ ಅನ್ವಯಿಸುತ್ತದೆ. ಹೀಗೆ ಹೆಸರನ್ನು ಪೂರ್ತಿಯಾಗಿ ಅಲಕ್ಷಿಸಿದ್ದು ಕಾನೂನಿನ ದೃಷ್ಟಿಯಿಂದ ಜಾಣತನವೇ ಸರಿ. ಗುಟ್ಕಾದ ಪಾಠ ಶಾಸನಕಾರರ ಕಣ್ಣೆದುರಿಗಿತ್ತು. 2012ರಲ್ಲಿ ಮಹಾರಾಷ್ಟ್ರವೂ ಸೇರಿದಂತೆ ಹಲವು ರಾಜ್ಯಗಳು ಗುಟ್ಕಾವನ್ನು ನಿಷೇಧಿಸಿದ ಬಳಿಕ, ಅನೇಕ ಕಡೆಗಳಲ್ಲಿ ಪಾನ್ ಮಸಾಲೆಯೂ ತಂಬಾಕೂ ಎರಡು ಬೇರೆ ಬೇರೆ ಪೊಟ್ಟಣಗಳಾಗಿ ಅಕ್ಕಪಕ್ಕದಲ್ಲಿ ತೂಗತೊಡಗಿದುವು. ಕೊಳ್ಳುವವನು ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರೆ ನಿಷಿದ್ಧ ವಸ್ತು ನಿಷಿದ್ಧ ಹೆಸರಿಲ್ಲದೆಯೇ ಸಿದ್ಧವಾಗುತ್ತಿತ್ತು. ಅಂಥ ಸಂದುಗಳನ್ನು ಮುಚ್ಚಬೇಕೆಂದೇ ಹೊಸ ಕಾಯಿದೆ ಹೆಸರಿಗೆ ಬೆಲೆ ಕೊಡಲಿಲ್ಲವೆಂದು ಊಹಿಸಿದರೆ ತಪ್ಪಾಗಲಾರದು. ಆದರೆ ಶಾಸನವು ಬಿಟ್ಟುಕೊಟ್ಟ ಹೆಸರನ್ನು ವ್ಯಾಪಾರ ಎತ್ತಿಕೊಂಡಿತು. ತೊಡಕು ಹುಟ್ಟಿದ್ದು ಇಲ್ಲಿ.

ಹೊಗೆಯನ್ನು ಕುರಿತು ಈ ನಾಡಿನ ಭಾಷೆಗಳು ಬಳಸುವ ಕ್ರಿಯಾಪದಗಳು ಕುತೂಹಲಕರವಾಗಿವೆ. ಹಿಂದಿಯವನು ಬೀಡಿಯನ್ನು ಕುಡಿಯುತ್ತಾನೆ. ಮರಾಠಿಯವನು ಅದನ್ನು ಎಳೆಯುತ್ತಾನೆ. ಕನ್ನಡಿಗನು ಬಾವಿಯಿಂದ ನೀರು ಸೇದುವಂತೆಯೇ ಬೀಡಿಯನ್ನೂ ಸೇದುತ್ತಾನೆ. ಸರಕಾರದ ಫಲಕಗಳು ಈ ಮನೆಮಾತುಗಳನ್ನು ಬಿಟ್ಟು ‘ಧೂಮಪಾನ’ ಎಂಬ ಸಂಸ್ಕೃತ ಸಮಾಸವನ್ನು ಆರಿಸಿಕೊಂಡವು. ಮುಂಬಯಿಯ ಉಪನಗರದ ರೈಲುನಿಲ್ದಾಣಗಳಲ್ಲಿ ಮರಾಠಿ ಹಿಂದಿಗಳಲ್ಲಿ ಕಾಣುವುದೂ ಇದೇ ಸಮಾಸದ ರೂಪಾಂತರ. ಮದ್ಯಪಾನದ ನೆರೆಯಲ್ಲಿ ನಿಂತುದರಿಂದ ಈ ಪದಕ್ಕೆ ನೀತಿಬಾಹಿರತೆಯ ಛಾಯೆಯೊಂದು ತಾನಾಗಿ ಬಂದಿತು. ಆದರೆ ಅದರ ತಳಹದಿ ಧೂಮ. ಧೂಮವೇ ಇಲ್ಲದ ವಸ್ತುವೊಂದು ಬಂದಾಗ ಈ ಫಲಕ ಅದನ್ನು ಕುರಿತು ಏನನ್ನೂ ಹೇಳಲಾರದು. ‘ಇದು ಹೊಗೆಯಲ್ಲ, ಬರಿಯ ಆವಿ’ ಎಂಬ ಸಮರ್ಥನೆಗೆ ಸರಕಾರದ ಪದವೇ ಎಡೆಮಾಡಿಕೊಟ್ಟಂತಾಯಿತು.

‘ವೇಪ್’ ಎಂಬ ಇಂಗ್ಲಿಷ್ ಪದದ ಮೂಲದಲ್ಲಿಯೂ ಆವಿಯೇ ಇದೆ. 2014ರಲ್ಲಿ ಆಕ್ಸ್‌ಫರ್ಡ್ ನಿಘಂಟುಕಾರರು ಅದನ್ನು ವರ್ಷದ ಪದವೆಂದು ಆರಿಸಿದರು. ಕನ್ನಡ ಮನೆಯಲ್ಲಿ ಆವಿ ಎಂಬುದು ಎಂಥ ಪದವೆಂದು ನೆನೆದರೆ ಇದರ ಪರಿಣಾಮ ತಿಳಿಯುತ್ತದೆ. ಇಡ್ಲಿ ಬೇಯುವುದು ಆವಿಯಲ್ಲಿ. ನೆಗಡಿಯಾದ ಮಗುವಿಗೆ ತಾಯಿ ಕಂಬಳಿ ಹೊದಿಸಿ ಕೊಡುವುದೂ ಆವಿಯನ್ನೇ. ಇಷ್ಟು ನಿರ್ಮಲವಾದ ಪದದ ಹೊದಿಕೆಯಲ್ಲಿ ಬಂದ ವಸ್ತುವನ್ನು ಸಂಶಯದಿಂದ ಕಾಣುವುದು ಸುಲಭವಲ್ಲ. ವಾಸ್ತವವಾಗಿ ಅದು ನೀರಾವಿಯಲ್ಲ. ಪ್ರೊಪಿಲಿನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ್ರವ್ಯ ಮತ್ತು ಸಾಮಾನ್ಯವಾಗಿ ನಿಕೋಟಿನ್ ಕೂಡಿದ ಸೂಕ್ಷ್ಮ ಹನಿಗಳ ಮಂಜು. ಶಾಸನದ ‘ಏರೋಸಾಲ್’ ಎಂಬ ಪದ ಈ ಸತ್ಯವನ್ನು ನಿಖರವಾಗಿ ಹೇಳುತ್ತದೆ. ಆದರೆ ಅದನ್ನು ಬಲ್ಲವರು ವಿಜ್ಞಾನ ಓದಿದವರು ಮಾತ್ರ. ಸರಿಯಾದ ಪದ ರಾಜಪತ್ರದಲ್ಲಿ ಉಳಿಯಿತು. ಸುಳ್ಳು ಹೇಳುವ ಪದ ಬೀದಿಗೆ ಬಂದಿತು.

ಕಾಯಿದೆಯ ದೀರ್ಘವಾದ ಹೆಸರೂ ಗಮನಾರ್ಹ. ಉತ್ಪಾದನೆ, ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ದಾಸ್ತಾನು, ಜಾಹೀರಾತು ಎಂಬ ಒಂಬತ್ತು ಕ್ರಿಯೆಗಳನ್ನು ಅದು ಎಣಿಸುತ್ತದೆ. ಸೇವನೆ ಎಂಬ ಹತ್ತನೆಯದು ಆ ಸಾಲಿನಲ್ಲಿಲ್ಲ. ಸೇದುವವನಿಗೆ ಸೇದಿದ ಕಾರಣದಿಂದ ಶಿಕ್ಷೆಯನ್ನು ಕಾಯಿದೆ ವಿಧಿಸಿಲ್ಲ. ಮಾರುವವನಿಗೆ ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಉಂಟು. ಈ ಸೂಕ್ಷ್ಮ ಭೇದವು ಜನರ ಮಾತಿನಲ್ಲಿ ಉಳಿಯಲಿಲ್ಲ. ಅವರ ಪಾಲಿಗೆ ಅದು ‘ವೇಪ್ ಬ್ಯಾನ್’ ಅಷ್ಟೆ. ವ್ಯಸನಕ್ಕೆ ಸಿಕ್ಕ ತರುಣನು ತನ್ನನ್ನು ಅಪರಾಧಿಯೆಂದು ಬಗೆದು ವೈದ್ಯನಿಂದಲೂ ತಂದೆತಾಯಿಗಳಿಂದಲೂ ಮರೆಮಾಚುವುದಕ್ಕೆ ಈ ಎರಡಕ್ಷರದ ಸಂಕ್ಷೇಪವೇ ಸಾಕು. ಶಾಸನವು ತೋರಿದ ಕನಿಕರವನ್ನು ಪ್ರಚಾರವು ಜನರಿಗೆ ತಲುಪಿಸಲಿಲ್ಲ. 2023ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಮತ್ತೆ ಈ ವಿಷಯಕ್ಕೆ ಕೈಹಾಕಿದಾಗಲೂ ಎದ್ದು ಕಂಡುದು ಉಲ್ಲಂಘನೆಗಳ ಮೇಲೆ ದೂರು ಕೊಡುವ ಏರ್ಪಾಡೇ.

ಸರಕಾರಕ್ಕೆ ಜನರೊಡನೆ ಮಾತನಾಡಲು ಬಾರದೆಂದಲ್ಲ. 1975ರ ಕಾಯಿದೆಯು ಸಿಗರೇಟಿನ ಪೆಟ್ಟಿಗೆಯ ಮೇಲೆ ‘ಆರೋಗ್ಯಕ್ಕೆ ಹಾನಿಕರ’ ಎಂಬ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಸಣ್ಣ ಅಕ್ಷರದ ಆ ವಾಕ್ಯ ಬಹುಬೇಗ ಮಂತ್ರದಂತೆ ಅರ್ಥ ಕಳೆದುಕೊಂಡಿತು. ಮೇಲಾಗಿ ಆ ಕಾಯಿದೆ ಬೀಡಿಗೆ ಅನ್ವಯಿಸಲೂ ಇಲ್ಲ. ಗಿರಣಿಗಾರನ ತುಟಿಯಲ್ಲಿದ್ದುದು ಬೀಡಿ. ಎಚ್ಚರಿಕೆ ಇದ್ದುದು ಸಿಗರೇಟಿನ ಮೇಲೆ. ಸರಕಾರದ ಮೌನವನ್ನು ಜನ ಸಮ್ಮತಿಯೆಂದು ಓದಿದರೆ ತಪ್ಪು ಅವರದೊಂದೇ ಅಲ್ಲ. 2009ರ ಮೇ 31ರಿಂದ ಚಿತ್ರಸಹಿತ ಎಚ್ಚರಿಕೆ ಬಂದಿತು. 2016ರ ಏಪ್ರಿಲ್‌ನಿಂದ ಅದು ಪೊಟ್ಟಣದ ಮುಖ್ಯ ಪಾರ್ಶ್ವಗಳ ಶೇ. 85 ಭಾಗವನ್ನು ಆವರಿಸಿತು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು 2009ರಲ್ಲಿ ತೀರಿಕೊಂಡ ತರುಣನೊಬ್ಬನ ಕಿರುಚಿತ್ರವನ್ನು ಸಿನಿಮಾ ಮಂದಿರಗಳಲ್ಲಿ ನೋಡದವರು ವಿರಳ. ಅತಿಯಾದ ಪುನರಾವೃತ್ತಿಯಿಂದ ಅದು ಪರಿಹಾಸ್ಯಕ್ಕೂ ಗುರಿಯಾಯಿತು, ನಿಜ. ಆದರೂ ಒಬ್ಬ ಮನುಷ್ಯನು ತನ್ನ ಹೆಸರು ಹೇಳಿ, ಸಾಮಾನ್ಯ ಮಾತಿನಲ್ಲಿ, ತಾನು ಏನು ತಿಂದೆ, ತನಗೆ ಏನಾಯಿತು ಎಂದು ತಿಳಿಸುವ ಆ ಭಾಷೆಗೂ ರಾಜಪತ್ರದ ಭಾಷೆಗೂ ಅಜಗಜಾಂತರ.

ಅಧಿಕೃತ ಪದವೊಂದು ಜನರ ಬಾಯಲ್ಲಿ ಎಂಥ ಗತಿಯನ್ನು ಪಡೆಯುತ್ತದೆಂಬುದನ್ನು ಮುಂಬಯಿ ಕನ್ನಡಿಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. 1949ರ ಮುಂಬಯಿ ಪಾನನಿರೋಧ ಕಾಯಿದೆ ಮದ್ಯವನ್ನು ನಿಷೇಧಿಸಿ, ಆರೋಗ್ಯದ ಕಾರಣಕ್ಕೆ ಪರವಾನಗಿ ಪಡೆದವರಿಗೆ ವಿನಾಯಿತಿ ನೀಡಿತು. ಕಾಲಕ್ರಮದಲ್ಲಿ ಕಟ್ಟಳೆ ಸಡಿಲವಾಯಿತು. ‘ಪರ್ಮಿಟ್ ರೂಮ್’ ಎಂಬ ಹಲಗೆ ಮಾತ್ರ ಉಳಿಯಿತು. ಕರಾವಳಿಯಿಂದ ಬಂದು ಹೋಟೆಲು ಉದ್ಯಮವನ್ನು ಕಟ್ಟಿದ ಎಷ್ಟೋ ಮಂದಿಯ ಬಾಗಿಲ ಮೇಲೂ ಆ ಹಲಗೆಯುಂಟು. ನಿರ್ಬಂಧವನ್ನು ಸೂಚಿಸಲು ಹುಟ್ಟಿದ ಪದ ಇಂದು ಆಹ್ವಾನವನ್ನು ಸೂಚಿಸುತ್ತದೆ. ಕಾರಣವನ್ನು ವಿವರಿಸದೆ ಕಟ್ಟಳೆಯನ್ನಷ್ಟೇ ಹೇಳುವ ಪದ ತನ್ನ ಮೂಲಾರ್ಥವನ್ನು ಬಹುಕಾಲ ಕಾಪಾಡಲಾರದು.

ಹೊರದೇಶಗಳ ಅನುಭವವೂ ಇದನ್ನೇ ಸೂಚಿಸುತ್ತದೆ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು 2015ರಲ್ಲಿ ಇ-ಸಿಗರೇಟು ಸಾಮಾನ್ಯ ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಹಾನಿಕರವೆಂದು ಸಾರಿತು. ಆ ಅಂಕಿಯ ಆಧಾರವನ್ನು ಅನೇಕರು ಪ್ರಶ್ನಿಸಿದರು. 2019ರಲ್ಲಿ ಅಮೆರಿಕದಲ್ಲಿ ಹಠಾತ್ತನೆ ಕಾಣಿಸಿಕೊಂಡ ಶ್ವಾಸಕೋಶದ ಬೇನೆಯಿಂದ 2020ರ ಫೆಬ್ರವರಿಯ ವೇಳೆಗೆ 68 ಮಂದಿ ಸತ್ತರು. ಅದಕ್ಕೆ ಪ್ರಬಲ ಕಾರಣವಾಗಿ ಕಂಡುದು ಗಾಂಜಾಸತ್ತ್ವದ ಸಾಧನಗಳಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟು. ಆದರೆ ರೋಗಕ್ಕೆ ಇಟ್ಟ ಹೆಸರಿನಲ್ಲಿ ಇ-ಸಿಗರೇಟು ಎಂಬ ಪದವೇ ಮುಂದೆ ನಿಂತಿತು. ಆ ವರ್ಷದ ಕೊನೆಯಿಂದ ಇಂಗ್ಲೆಂಡಿನ ಧೂಮಪಾನಿಗಳಲ್ಲಿ ಇ-ಸಿಗರೇಟು ಸಿಗರೇಟಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಕೆಡುಕೆಂಬ ಭಾವನೆ ಬೆಳೆಯಿತೆಂದು ಸಮೀಕ್ಷೆಗಳು ತೋರಿಸಿವೆ. ಒಂದು ಪ್ರಕಟಣೆಯ ಅಂಕಿಗಿಂತ ಒಂದು ರೋಗದ ಹೆಸರು ಬಲವಾಯಿತು.

ನಿಷೇಧಕ್ಕೆ ಸಕಾರಣಗಳಿಲ್ಲವೆಂದು ಇದರ ತಾತ್ಪರ್ಯವಲ್ಲ. ನಿಕೋಟಿನ್ ವ್ಯಸನಕಾರಿ, ಬೆಳೆಯುವ ಮಿದುಳಿಗೆ ಅದು ಕೇಡು, ಹಣ್ಣಿನ ಪರಿಮಳ ಎಳೆಯರನ್ನು ಸೆಳೆಯುತ್ತದೆ. 2016-17ರ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 28.6 ಮಂದಿ ಒಂದಿಲ್ಲೊಂದು ಬಗೆಯ ತಂಬಾಕನ್ನು ಬಳಸುತ್ತಿದ್ದ ದೇಶ ಹೊಸದೊಂದು ವ್ಯಸನಕ್ಕೆ ಬಾಗಿಲು ಮುಚ್ಚಿದ್ದು ಅರ್ಥವಾಗುವಂಥದೇ. ಆದರೆ ನೋವಿನ ಸಾವು ಬರುವುದೆಂದು ಪೊಟ್ಟಣದ ಮೇಲೆಯೇ ಅಚ್ಚುಹಾಕಿಸಿ ಸಿಗರೇಟು ಮಾರಲು ಬಿಡುವ ಸರಕಾರವೇ ಅದರ ಪಕ್ಕದ ವಸ್ತುವನ್ನು ಪೂರ್ತಿಯಾಗಿ ನಿಷೇಧಿಸಿದಾಗ, ಬೀಡಾ ಅಂಗಡಿಯ ಮುಂದೆ ನಿಂತವನು ಎರಡರಲ್ಲಿ ಯಾವುದು ಕಡಿಮೆ ಕೆಡುಕೆಂದು ತೀರ್ಮಾನಿಸಬೇಕು? ಮಾರಲು ಬಿಟ್ಟುದೇ ಮೇಲೆಂದು ಒಬ್ಬ ತಿಳಿದಾನು. ಇದೆಲ್ಲ ಕಪಟವೆಂದು ಇನ್ನೊಬ್ಬ ನಕ್ಕಾನು. ಎರಡೂ ಅಪಾಯದ ತೀರ್ಮಾನಗಳೇ. ಇವನ್ನು ತಡೆಯಬಲ್ಲುದು ದಂಡದ ಮೊತ್ತವಲ್ಲ, ಕಾರಣವನ್ನು ಬಿಡಿಸಿ ಹೇಳುವ ಮಾತು.

ವಲಸೆಯ ಕುಟುಂಬಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರ. ಡೊಂಬಿವಲಿಯಲ್ಲಾಗಲಿ ಮಾಟುಂಗದಲ್ಲಾಗಲಿ ಕನ್ನಡ ಮನೆಯ ಹಿರಿಯರಿಗೆ ತಂಬಾಕಿನ ಪದಸಂಪತ್ತು ಬಹಳವಾಗಿದೆ: ಹೊಗೆಸೊಪ್ಪು, ನಶ್ಯ, ಬೀಡಿ, ಚುಟ್ಟ. ಒಂದೊಂದು ಪದದ ಹಿಂದೆಯೂ ಒಂದೊಂದು ಎಚ್ಚರಿಕೆಯಿದೆ, ಬೈಗುಳವಿದೆ, ಕೆಮ್ಮಿ ಕೆಮ್ಮಿ ತೀರಿಕೊಂಡ ಅಜ್ಜನ ನೆನಪಿದೆ. ಮಗನ ಚೀಲದಲ್ಲಿರುವ, ಲೇಖನಿಯಂತೆಯೋ ಪೆನ್ ಡ್ರೈವಿನಂತೆಯೋ ತೋರುವ ವಸ್ತುವಿಗೆ ಅವರಲ್ಲಿ ಪದವಿಲ್ಲ. ಮಗನ ಬಳಿ ಇರುವ ಪದ ಇಂಗ್ಲಿಷಿನದು, ಅದೂ ಮಾರುವವನು ಕಲಿಸಿದ್ದು. ಹೆಸರಿಲ್ಲದ ವಸ್ತುವನ್ನು ಕುರಿತು ತಂದೆ ಮಗನನ್ನು ಹೇಗೆ ಕೇಳಬೇಕು? ವಸ್ತುವನ್ನು ಯಾವ ಹೆಸರಿನಿಂದ ಕರೆದರೂ ಶಿಕ್ಷಿಸಬಲ್ಲೆನೆಂದು ಶಾಸನ ಹೇಳಬಹುದು. ಮನೆಯಲ್ಲಿ ತಿದ್ದಬೇಕಾದವರಿಗೆ ಹೆಸರೇ ಮೊದಲ ಸಾಧನ. ‘ನಿಕೋಟಿನ್ ಮಂಜು’ ಎಂದೋ ಇದಕ್ಕಿಂತ ಲೇಸಾದ ಇನ್ನೊಂದು ಮಾತೋ ಬಳಕೆಗೆ ಬರಬೇಕಾಗಿದೆ. ಆ ಮಾತು ಹೆದರಿಸಬೇಕಾಗಿಲ್ಲ, ಹಗುರವಾಗಿಸಲೂ ಬಾರದು. ಒಳಗಿರುವುದನ್ನು ಇದ್ದಂತೆ ಹೇಳಿದರೆ ಸಾಕು. ಈ ಕೆಲಸವನ್ನು ಸರಕಾರವೇ ಮಾಡಬೇಕೆಂದು ಕಾದು ಕುಳಿತರೆ ಅಷ್ಟರಲ್ಲಿ ವ್ಯಾಪಾರ ಇನ್ನೊಂದು ಹೆಸರನ್ನು ಇಟ್ಟು ಮುಗಿಸಿರುತ್ತದೆ. ನಿಘಂಟು, ಪರಿಭಾಷೆಗಳ ಪರಿಶ್ರಮವುಳ್ಳ ಕನ್ನಡ ಸಂಘಗಳು ಇದನ್ನು ತಮ್ಮ ಕೆಲಸವೆಂದು ಕೈಗೆತ್ತಿಕೊಳ್ಳುವುದು ಉಚಿತ.