ಹತ್ತು ದಿನದ ಹೆಜ್ಜೆ, ಬರೆದುಕೊಟ್ಟ ಮಾತು

ಏಪ್ರಿಲ್ ಬಂತೆಂದರೆ ನಮ್ಮ ಮುರ್ಡೇಶ್ವರ, ಹೊನ್ನಾವರ, ಕುಮಟಾ ಕಡೆ ಶಾಲೆಗಳ ಜಗಲಿಯಲ್ಲಿ, ಸಭಾಭವನಗಳಲ್ಲಿ ಮಕ್ಕಳ ಯಕ್ಷಗಾನ ಶಿಬಿರ. ಹತ್ತು ದಿನ ಹೆಜ್ಜೆ, ಕೊನೆಯ ದಿನ ಬಣ್ಣ, ವೇಷ, ಪ್ರಸಂಗದ ಒಂದು ತುಣುಕು, ಪ್ರಮಾಣಪತ್ರ. ಮರುದಿನ ವಾಟ್ಸಾಪ್ ತುಂಬ ಫೋಟೊ. ಒಂದು ಆಟದ ಬಗ್ಗೆ, ಒಂದು ನಾಟಕದ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಶಿಬಿರದ ಬಗ್ಗೆ ಮಾತ್ರ ವಿಮರ್ಶೆ ಬರೆಯುವುದಿಲ್ಲ. ‘ಹತ್ತೇ ದಿನದಲ್ಲಿ ಎಷ್ಟು ಚೆಂದ ಕುಣಿದರು!’ ಎಂದು ಸುಮ್ಮನಾಗುತ್ತೇವೆ. ಆ ಉದ್ಗಾರದಲ್ಲಿ ಮೆಚ್ಚುಗೆಗಿಂತ ರಿಯಾಯಿತಿಯೇ ಹೆಚ್ಚು.

ನಾನೂ ಆ ರಿಯಾಯಿತಿ ಪಡೆದವಳೇ. ಎಂಟನೇ ತರಗತಿಯಲ್ಲಿ ಇಂಥದೇ ಒಂದು ಶಿಬಿರದಲ್ಲಿ ಲವನ ಪಾತ್ರ ಮಾಡಿದ್ದೆ. ಹೆಜ್ಜೆ ತಪ್ಪಲಿಲ್ಲ. ಆದರೆ ರಾಮನ ವೇಷದ ಹುಡುಗ ಹಾಳೆಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿಬಿಟ್ಟ. ಕುದುರೆ ಕಟ್ಟಿದ್ದೇಕೆ ಎಂಬುದಕ್ಕೆ ನನಗೆ ಬಾಯಿಪಾಠ ಮಾಡಿಸಿದ್ದ ಉತ್ತರವಿತ್ತು. ಅವನು ಕೇಳಿದ್ದು ಬೇರೆ. ಭಾಗವತರು ಎರಡು ಕ್ಷಣ ಕಾದು ಮುಂದಿನ ಪದ ಎತ್ತಿಕೊಂಡರು, ನಾನು ಕುಣಿದು ಪಾರಾದೆ. ಸಭೆ ಚಪ್ಪಾಳೆ ತಟ್ಟಿತು. ಈಗ ಅರ್ಥಗಾರಿಕೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವವಳಿಗೆ ಆ ಎರಡು ಕ್ಷಣ ಇನ್ನೂ ಮರೆತಿಲ್ಲ.

ಯಕ್ಷಗಾನದಲ್ಲಿ ಪದ ಮಾತ್ರ ಕವಿಯದು. ಅದಕ್ಕೆ ಮಾತು ಹುಡುಕಿಕೊಳ್ಳಬೇಕಾದವನು ವೇಷಧಾರಿ, ಅದೂ ಎದುರಿನವನ ಮಾತು ಕೇಳಿಸಿಕೊಂಡು, ಅಲ್ಲೇ, ಆಗಲೇ. ಹರೆಯದವರಿಗೆ ಈ ಕಲೆ ಕೊಡಬಹುದಾದ ದೊಡ್ಡ ವಸ್ತು ಇದೇ ಎಂದು ನನ್ನ ನಂಬಿಕೆ. ದೊಡ್ಡವರ ಎದುರು ನಿಂತು, ಅವರ ಪ್ರಶ್ನೆಗೆ ತನ್ನದೇ ಉತ್ತರ ಕೊಡುವ ಸಲಿಗೆ ಮನೆಯಲ್ಲಿ, ತರಗತಿಯಲ್ಲಿ ಎಷ್ಟು ಮಕ್ಕಳಿಗಿದೆ? ರಾಮನನ್ನೇ ಕೆಣಕುವ ಲವನಿಗೆ ಇದೆ. ಶಿಬಿರ ಮೊದಲು ಕೈಬಿಡುವುದೂ ಇದನ್ನೇ. ಹೆಜ್ಜೆಯನ್ನು ಸಾಲಾಗಿ ನಿಲ್ಲಿಸಿ ಮೂವತ್ತು ಮಕ್ಕಳಿಗೆ ಒಟ್ಟಿಗೆ ಹೇಳಿಕೊಡಬಹುದು. ಅರ್ಥ ಹಾಗೆ ಬರುವುದಿಲ್ಲ. ಸರಿ, ಬರೆದುಕೊಟ್ಟರಾಯಿತು. ಕರಪತ್ರದಲ್ಲಿ ಮಾತ್ರ ‘ವ್ಯಕ್ತಿತ್ವ ವಿಕಸನ’, ‘ಆತ್ಮವಿಶ್ವಾಸ’ ಎಂದಿರುತ್ತದೆ.

ಇದಕ್ಕೆ ಎದುರಾಗಿ ನೆನಪಾಗುವುದು ದೂರದ ಊರಲ್ಲ. ಮುರ್ಡೇಶ್ವರದಿಂದ ಹೆದ್ದಾರಿ ಹಿಡಿದು ಮಂಕಿ ದಾಟಿ ಹೊನ್ನಾವರದತ್ತ ಹೋದರೆ ಗುಣವಂತೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲೆ. ಅವರ ಮಗ ಶಂಭು ಹೆಗಡೆ ದೆಹಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆ ಕಲಿತು ಬಂದವರು. 1986ರಲ್ಲಿ ಇಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರ ಆರಂಭಿಸಿದರು. ಮೇಳವಿದ್ದೂ ಶಾಲೆ ಬೇಕೆನಿಸಿತಲ್ಲ, ಅದನ್ನು ಗಮನಿಸಬೇಕು. ಮೇಳದಲ್ಲಿ ಹುಡುಗರು ಕೋಡಂಗಿ, ಬಾಲಗೋಪಾಲ ವೇಷಗಳಿಂದ ಶುರುಮಾಡಿ, ಹಿರಿಯರನ್ನು ರಾತ್ರಿಯಿಡೀ ನೋಡಿ ನೋಡಿ ಕಲಿಯುತ್ತಿದ್ದರು. ಅದು ನಿಧಾನದ ದಾರಿ, ಆದರೆ ಕಿವಿಗೆ ಬಿದ್ದ ಮಾತು ಒಳಗೇ ಹುಳಿಗಟ್ಟಲು ಸಮಯವಿತ್ತು. ಆ ಸಮಯವನ್ನು ಶಾಲೆಯ ಶಿಸ್ತಿಗೆ ತರುವುದು ಸಣ್ಣ ಕೆಲಸವಲ್ಲ. ಮೈಸೂರಿನ ರಂಗಾಯಣದ ಚಿನ್ನರ ಮೇಳದ ಹಾದಿ ಬೇರೆ: ಅಲ್ಲಿ ಮಗು ಕಲಾವಿದನಾಗಲೇಬೇಕೆಂಬ ಹಟವಿಲ್ಲ, ಬೇಸಿಗೆಯ ಆಟವೇ ಮುಖ್ಯ. ಎರಡಕ್ಕೂ ತಮ್ಮ ತಮ್ಮ ನ್ಯಾಯವಿದೆ. ನಮ್ಮ ಹತ್ತು ದಿನದ ಶಿಬಿರ ಆಟದ ಸಮಯ ಇಟ್ಟುಕೊಂಡು ಗುರುಕುಲದ ಫಲ ತೋರಿಸಲು ಹೊರಡುತ್ತದೆ. ತೊಡಕಿರುವುದು ಅಲ್ಲಿ.

ಹಾಗೆಂದು ಶಿಬಿರವನ್ನು ಹಳಿಯಲು ನನಗೆ ಬಾಯಿಲ್ಲ. ವರ್ಷಗಟ್ಟಲೆ ಕಲಿಯಲು ಬಿಡುವಿದ್ದವರು ಯಾರು? ಬಹುಮಟ್ಟಿಗೆ ಗಂಡುಹುಡುಗರು, ಅದರಲ್ಲೂ ಮನೆಯಲ್ಲಿ ಆಟದ ನಂಟು ಇದ್ದವರು. ಮೇಳದ ಚೌಕಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಮೀನು ಮಾರುವವರ ಮನೆಯ ಹುಡುಗಿಯೂ ಭಟ್ಟರ ಮನೆಯ ಹುಡುಗನೂ ಒಂದೇ ಸಾಲಿನಲ್ಲಿ ನಿಂತು ತಾಳ ಹಾಕಿದ್ದನ್ನು ನಾನು ನೋಡಿದ್ದು ಶಿಬಿರದಲ್ಲಿಯೇ. ನನಗೆ ಗೆಜ್ಜೆ ಕಟ್ಟಿದ್ದೂ ಅದೇ.

ಆದ್ದರಿಂದ ನನ್ನ ತಕರಾರು ದಿನಗಳ ಲೆಕ್ಕದ್ದಲ್ಲ, ಕೊನೆಯ ದಿನದ್ದು. ಪ್ರದರ್ಶನದ ಅವಸರ ಬಿಟ್ಟರೆ ಹತ್ತು ದಿನದಲ್ಲಿ ಒಂದೇ ಒಂದು ಪದ ಸಾಕು. ಅದನ್ನು ಭಾಗವತರಿಂದ ಕೇಳಿ, ತಾಳ ಎಲ್ಲಿ ಮುಗಿಯುತ್ತದೆಂದು ಎಣಿಸದೆ ತಿಳಿಯುವಷ್ಟು ಕೇಳಿ, ಆಮೇಲೆ ಮೂವತ್ತು ಮಕ್ಕಳೂ ಮೂವತ್ತು ಅರ್ಥ ಹೇಳಲಿ. ಕೆಲವು ತೀರಾ ಪೆದ್ದಾಗಿರುತ್ತವೆ. ಇರಲಿ. ಅದನ್ನು ನೋಡಲು ಅಪ್ಪ ಅಮ್ಮ ಬರುತ್ತಾರೆಯೇ, ದಾನಿಗಳು ಒಪ್ಪುತ್ತಾರೆಯೇ ಎಂದು ಸಂಘಟಕರು ಕೇಳುತ್ತಾರೆ. ವೇಷಭೂಷಣದ ಬಾಡಿಗೆ ಉಳಿಯುತ್ತದಲ್ಲ ಎಂಬುದಷ್ಟೇ ಸದ್ಯಕ್ಕೆ ನನ್ನ ಉತ್ತರ.

ಈ ಸಲ ಊರಿಗೆ ಹೋದಾಗ ಅಕ್ಕನ ಮಗಳು ಶಿಬಿರಕ್ಕೆ ಹೋಗುತ್ತಿದ್ದಳು. ಅವಳಿಗೂ ಲವನ ವೇಷ. ಆಟಕ್ಕೆ ನಾಲ್ಕೇ ದಿನ. ‘ಚಿಕ್ಕಿ, ನಿಂಗೆ ಇದೆಲ್ಲ ಗೊತ್ತಿತ್ತಲ, ಮಾತು ಬರ್ದು ಕೊಡೆ’ ಎಂದು ನೋಟ್‌ಬುಕ್ ಹಿಡಿದುಕೊಂಡು ಬಂದಳು. ಮೊದಲು ಪದ ಹೇಳು, ನಿನಗೇನನ್ನಿಸುತ್ತದೆ ನೋಡೋಣ ಎಂದೆ. ಪದ ಹೇಳಿದಳು, ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು, ಪೆನ್ನು ಮುಂದೆ ಚಾಚಿದಳು. ಬರೆದುಕೊಟ್ಟೆ.